ಎಂಟು ಅಡಿಯ ಗ್ರೂಪ್ ಫೋಟೋ

ಜನವರಿ 2, 2025, ಗುರುವಾರ

ಸೊಸೈಟಿಯವರು ಕೊಟ್ಟ ಹೊಸ ಡೈರಿ. ಗೆರೆಗಳನ್ನು ಎಷ್ಟು ತೆಳುವಾಗಿ ಅಚ್ಚು ಹಾಕಿದ್ದಾರೆಂದರೆ ಇದ್ದೂ ಇಲ್ಲದ ಹಾಗೆ. ಶಾಯಿಯಲ್ಲೂ ಉಳಿತಾಯ ಮಾಡುವ ಕಾಲ ಬಂತು.

ಇವತ್ತು ಕಾಪುವಿಗೆ ಹೋಗಿ ಗೆಳೆಯ ಕಾರ್ಲ್ಟನ್‌ನಿಂದ ಕ್ಯಾಮೆರಾ ತಂದೆ. ಅವನು ದುಬೈಯ ಜಾಹೀರಾತು ಸ್ಟುಡಿಯೋ ಒಂದರಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. ಅದು ಮುಚ್ಚಿದಾಗ ಯಜಮಾನ ಕೊನೆಯ ತಿಂಗಳುಗಳ ಸಂಬಳದ ಬದಲು ಇದನ್ನು ಕೈಗಿಟ್ಟು ಕಳುಹಿಸಿದ್ದನಂತೆ. ಮೀಡಿಯಂ ಫಾರ್ಮ್ಯಾಟ್. ಒಳಗಿನ ಸೆನ್ಸರ್ ನಮ್ಮ ಮದುವೆ ಕ್ಯಾಮೆರಾದ ಸೆನ್ಸರಿನ ಎರಡರಷ್ಟು ದೊಡ್ಡದು. ಮುಂಭಾಗ ಹಳೆಯ ರೀಲಿನ ಕಾಲದ್ದು, ರೀಲು ಕೂರುವ ಜಾಗಕ್ಕೆ ಡಿಜಿಟಲ್ ಡಬ್ಬಿ ಸಿಕ್ಕಿಸುವುದು. ಹೊಸದು ಬೇಕಾದರೆ ಸ್ಟುಡಿಯೋವನ್ನೇ ಮಾರಬೇಕಿತ್ತು. ಇದಕ್ಕೆ ಡ್ರೋನ್ ಮಾರಿದ್ದು ಸಾಕಾಯಿತು. ಡ್ರೋನ್ ಹಾರಿಸುತ್ತಿದ್ದವಳು ಮಗಳು ಪ್ರಣೀತಾ. ಬೆಳಗ್ಗಿನಿಂದ ಮುಖ ಊದಿಸಿಕೊಂಡಿದ್ದಾಳೆ.

ಊದಿಸಲಿ. ಕಾರ್ಕಳದ ಹಳೆಯ ಜಮೀನುದಾರರ ಗುತ್ತಿನ ಮನೆಯ ಪ್ರಖ್ಯಾತ್ ಶೆಟ್ಟರಿಗೆ ನಾನು ಮಾತು ಕೊಟ್ಟಾಗಿದೆ. ಮಾರ್ಚ್ ಎರಡಕ್ಕೆ ಅವರ ಮನೆಯ ದೈವಕ್ಕೆ ತಂಬಿಲದ ಪೂಜೆ, ಕುಟುಂಬದ ನೂರನಲವತ್ತು ಜನ ಸೇರುತ್ತಾರೆ. ಎಲ್ಲರ ಒಂದು ಗ್ರೂಪ್ ಫೋಟೋ, ಎಂಟು ಅಡಿ ಅಗಲದ ಪ್ರಿಂಟ್, ಚಾವಡಿಯ ಗೋಡೆಗೆ. ಮಣಿಪಾಲದ ಹುಡುಗರ ತಂಡವೂ ಕೇಳಿಕೊಂಡು ಹೋಗಿತ್ತು. "ಕೊನೆಯ ಸಾಲಿನ ಮಗುವಿನ ಹುಬ್ಬಿನ ಕೂದಲು ಎಣಿಸಬಹುದು, ಹಾಗೆ ಕೊಡುತ್ತೇನೆ" ಎಂದು ನಾನು ಬಾಯಿ ಬಿಟ್ಟೆ. ಆರ್ಡರ್ ನನಗೆ ಸಿಕ್ಕಿತು. ಇದೂ ಕೈತಪ್ಪಿದರೆ ಬನ್ನಂಜೆಯ ನನ್ನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದುಕೊಂಡು ಕೂರುವುದೇ ಗತಿ.

ಜನವರಿ 5, ಭಾನುವಾರ

ಇದರಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ. ಬ್ಯಾಟರಿ ಮುಕ್ಕಾಲು ಗಂಟೆ ಬಂದರೆ ಹೆಚ್ಚು. ಹಿಂದಿನ ಸಣ್ಣ ಪರದೆಯಲ್ಲಿ ಏನೋ ಒಂದು ಫೋಟೋ ಬಿದ್ದಿದೆ ಎಂದಷ್ಟೇ ತಿಳಿಯುತ್ತದೆ. ಫೋಕಸ್ ಕೈಯಲ್ಲೇ ಮಾಡಬೇಕು. ಮೇಲಿನ ಮುಚ್ಚಳ ತೆರೆದು, ಬಾವಿಗೆ ಬಗ್ಗಿದ ಹಾಗೆ ಬಗ್ಗಿ, ಭೂತಗನ್ನಡಿಗೆ ಬಲಗಣ್ಣು ಒತ್ತಿ, ಕೆಳಗಿನ ಗಾಜಿನಲ್ಲಿ ಬಿಂಬ ನೋಡುವುದು. ಚೆನ್ನಪ್ಪಣ್ಣನ ಸ್ಟುಡಿಯೋದಲ್ಲಿ ಕೆಲಸ ಕಲಿತದ್ದು ಇಂಥದ್ದರಲ್ಲೇ. ಕೈಗೆ ಅಭ್ಯಾಸ ಮರಳಿ ಬಂತು, ಖುಷಿಯಾಯಿತು.

ಗಾಜಿನ ಮೇಲೆ ಮಾತ್ರ ಮಂಜು ಹಿಡಿದ ಹಾಗೆ ಉಂಟು. ಸ್ಪಿರಿಟ್ ಹಾಕಿ ಎರಡು ಸಲ ಒರೆಸಿದೆ.

ಅಂಗಳದಲ್ಲಿ ಹೆಂಡತಿ ಬೇಬಿಯನ್ನು ನಿಲ್ಲಿಸಿ ಹನ್ನೆರಡು ಫೋಟೋ ತೆಗೆದೆ. ಕಂಪ್ಯೂಟರಿಗೆ ಹಾಕಿ ನೋಡಿದರೆ ಬೇಬಿಯ ಮೂಗು ಮಸುಕು, ಅವಳ ಹಿಂದೆ ಬಟ್ಟೆ ಒಣಹಾಕಿದ ಹಗ್ಗದ ಕ್ಲಿಪ್ಪು ಸ್ಪಷ್ಟ. "ಕ್ಲಿಪ್ಪಿನ ಫೋಟೋ ಚಂದ ಬಂದಿದೆ" ಎಂದಳು ಬೇಬಿ.

"ನಾನೊಮ್ಮೆ ನೋಡಲಾ ಅಪ್ಪ?" ಎಂದು ಪ್ರಣೀತಾ ಕೇಳಿದಳು. ಬೇಡ ಎಂದೆ. ಬಟನ್ ಯಾರೂ ಒತ್ತಬಹುದು, ಫೋಕಸ್ ಯಜಮಾನನದು. ಚೆನ್ನಪ್ಪಣ್ಣನ ಕಾಲದಿಂದ ನಡೆದು ಬಂದದ್ದು, ನನ್ನ ಸ್ಟುಡಿಯೋದಲ್ಲೂ ಅದೇ.

ಜನವರಿ 11, ಶನಿವಾರ

ಅಂಬಲಪಾಡಿಯಲ್ಲಿ ಮದುವೆ. ಹಳೆಯ ಕ್ಯಾಮೆರಾದಲ್ಲಿ ಎರಡು ಸಾವಿರದ ಇನ್ನೂರು ಫೋಟೋ, ಒಂದೂ ಮಸುಕಿಲ್ಲ. ಅದು ತಾನೇ ಫೋಕಸ್ ಮಾಡಿಕೊಳ್ಳುತ್ತದೆ, ಸರಿ, ಆದರೂ ಹಿಡಿಯುವ ಕೈ ನನ್ನದೇ ಅಲ್ವಾ. ಹಾಗಾದರೆ ದೋಷ ಕಾರ್ಲ್ಟನ್‌ನ ಮಾಲಿನಲ್ಲೇ ಉಂಟು.

ವಾಪಸು ಬರುವಾಗ ಎದುರಿನ ವಾಹನಗಳ ಲೈಟು ಕಣ್ಣಿಗೇ ಹೊಡೆಯಿತು. ಈಗಿನವರು ಎಂತಹ ಲೈಟು ಹಾಕಿಸುತ್ತಾರೆ ಮಾರಾಯ್ರೆ! ಒಂದೊಂದೂ ಹರಿವಾಣದಷ್ಟು ಅಗಲ. ಸ್ಕೂಟರನ್ನು ತಳ್ಳಿಕೊಂಡೇ ಬರಬೇಕಾಯಿತು ಎನ್ನುವಷ್ಟು ನಿಧಾನ ಬಂದೆ.

ಬೇಬಿ ಸೋಪು ಬದಲಾಯಿಸಿದ್ದಾಳೆಂದು ಕಾಣುತ್ತದೆ, ನನ್ನ ಬಿಳಿ ಪಂಚೆಗಳೆಲ್ಲ ಚಹದಲ್ಲಿ ಅದ್ದಿದ ಬಣ್ಣಕ್ಕೆ ತಿರುಗಿವೆ. ಹೇಳಿದ್ದಕ್ಕೆ ಜಗಳಕ್ಕೇ ಬಂದಳು.

ಜನವರಿ 13, ಸೋಮವಾರ

ಶನಿವಾರದ ಮದುವೆಯ ಬಣ್ಣ ಸರಿ ಮಾಡಿ ಮುಗಿಸಿದೆ. ಇತ್ತೀಚೆಗೆ ಎಲ್ಲ ಫೋಟೋಗಳೂ ಹಳದಿ ಬೀಳುತ್ತವೆ, ನೀಲಿ ಏರಿಸಿ ಏರಿಸಿ ಸಾಕಾಗುತ್ತದೆ. ನಾನು ಎದ್ದ ಮೇಲೆ ಪ್ರಣೀತಾ ಅದೇ ಕಂಪ್ಯೂಟರಿನ ಎದುರು ಎರಡು ಗಂಟೆ ಕೂರುತ್ತಾಳೆ. ಎಂತ ಮಾಡುವುದು ಎಂದರೆ ಬ್ಯಾಕಪ್ ಅಂತೆ. ಕರೆಂಟು ಬಿಲ್ಲು ಸುಮ್ಮನೆ ಬರುತ್ತದಾ?

ಒಂದು ಸಮಾಧಾನ, ಲ್ಯಾಬಿನವರ ಪ್ರಿಂಟು ಈಗ ಸುಧಾರಿಸಿದೆ. ಎರಡು ವರ್ಷದಿಂದ ಒಂದು ದೂರು ಇಲ್ಲ.

ಜನವರಿ 19, ಭಾನುವಾರ

ಬೆಳಿಗ್ಗೆ ಆರಕ್ಕೆ ಪ್ರಣೀತಾ ಮತ್ತು ನಾನು ಮಲ್ಪೆ ಬಂದರಿಗೆ ಹೋದೆವು. ಬೋಟುಗಳ ಹೆಸರು, ನಂಬ್ರ, ಬಲೆಯ ಕಣ್ಣು, ಫೋಕಸ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಟ್ರೈಪಾಡಿಗೆ ಕಲ್ಲಿನ ಚೀಲ ಕಟ್ಟಿದೆ. ಉಸಿರು ಹಿಡಿದು ಇಪ್ಪತ್ತನಾಲ್ಕು ಹೊಡೆದೆ. ಸ್ಟುಡಿಯೋಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಮೂರು ಸ್ಪಷ್ಟ, ಇಪ್ಪತ್ತೊಂದು ಮಸುಕು. ಆ ಮೂರು ಕೂಡ ನಾನು ಬಯಸಿದ ಜಾಗದಲ್ಲಿ ಅಲ್ಲ.

ಅಲ್ಲಿಂದಲೇ ಕಾರ್ಲ್ಟನ್‌ಗೆ ಫೋನ್ ಮಾಡಿ ಬೈದೆ. ಡಬ್ಬಿ ಸರಿಯಾಗಿ ಕೂರುತ್ತಿಲ್ಲ, ಒಂದು ಕಾಗದದಷ್ಟು ಹಿಂದೆ ಮುಂದೆ ಉಂಟು ಎಂದೆ. "ನಾನು ಒಯ್ದು ನೋಡುತ್ತೇನೆ" ಎಂದ ತಣ್ಣಗೆ. ಅದು ಇನ್ನೂ ಸಿಟ್ಟು ಬರಿಸಿತು.

ಮನೆಗೆ ಬಂದರೆ ಬೇಬಿಯ ರಾಗ. "ಶುಗರ್ ಉಂಟು ನಿಮಗೆ. ಮಣಿಪಾಲಕ್ಕೆ ಹೋಗಿ ಒಮ್ಮೆ ಕಣ್ಣು ತೋರಿಸಿ ಬರುವ."

"ಮೂವತ್ತೆಂಟು ವರ್ಷ ನಿಮಗೆಲ್ಲ ಅನ್ನ ಹಾಕಿದ್ದು ಇದೇ ಕಣ್ಣು. ಅದಕ್ಕೆ ಎಂತ ಆಗಿದೆ?" ಎಂದೆ. ತಾಯಿ ಮಗಳು ಮುಖ ಮುಖ ನೋಡಿಕೊಂಡರು.

ಜನವರಿ 24, ಶುಕ್ರವಾರ

ಕಾರ್ಲ್ಟನ್ ಕ್ಯಾಮೆರಾವನ್ನು ಮೂರು ದಿನ ಕಾಪುವಿಗೆ ಒಯ್ದಿದ್ದ. ಇವತ್ತು ತಂದುಕೊಟ್ಟ. ಅಲ್ಲಿನ ಕಡಲ ತೀರದ ದೀಪಸ್ತಂಭದ ಫೋಟೋ ತೋರಿಸಿದ. ಮೇಲಿನ ಕಟಕಟೆಯ ಸಲಾಕೆಗಳನ್ನು ಎಣಿಸಬಹುದು.

"ಅದು ದೂರದ್ದು. ಕಣ್ಣು ಮುಚ್ಚಿ ಹೊಡೆದರೂ ಬರುತ್ತದೆ" ಎಂದೆ.

"ಹಾಗಾದರೆ ಇದು?" ಅವನ ಹೆಂಡತಿಯ ಮುಖ. ರೆಪ್ಪೆ ರೆಪ್ಪೆ ಬೇರೆ ಬೇರೆ.

"ನಿನ್ನ ಅದೃಷ್ಟ."

"ಕರುಣಾಕರ, ಕ್ಯಾಮೆರಾದಲ್ಲಿ ಎಂತ ತೊಂದರೆಯೂ ಇಲ್ಲ ಮಾರಾಯ. ಬೇಡವಾದರೆ ವಾಪಸು ಕೊಡು, ಹಣ ಕೊಡುತ್ತೇನೆ. ಆದರೆ ತೊಂದರೆಯನ್ನು ಸ್ವಲ್ಪ ಬೇರೆ ಕಡೆ ಹುಡುಕು."

ಬೇರೆ ಕಡೆ ಎಂದರೆ? ಚಹ ಕುಡಿಯದೆ ಹೋದ. ಪ್ರಣೀತಾ ಅವನನ್ನು ಗೇಟಿನವರೆಗೆ ಬಿಡಲು ಹೋದವಳು ಹತ್ತು ನಿಮಿಷ ಏನೋ ಮಾತಾಡುತ್ತಿದ್ದಳು. ನನ್ನ ಮನೆಯಲ್ಲಿ ನನ್ನ ವಿರುದ್ಧವೇ ಪಕ್ಷ ಕಟ್ಟುತ್ತಾರೆ.

ಫೆಬ್ರವರಿ 1

ಗಾಜು ಒರೆಸಿದೆ. ಮಂಜು ಹೋಗಲಿಲ್ಲ.

ಫೆಬ್ರವರಿ 8, ಶನಿವಾರ

ಜಾಗ ನೋಡಲು ಕಾರ್ಕಳಕ್ಕೆ ಹೊರಟವನು ಕುಂದಾಪುರದ ಬಸ್ಸಿನಲ್ಲಿ ಕೂತಿದ್ದೆ. ಸಂತೆಕಟ್ಟೆ ಬಂದಾಗ ಗೊತ್ತಾಯಿತು. ಬೋರ್ಡಿಗೆ ಅದೆಂತದೋ ಓಡುವ ಕೆಂಪು ದೀಪದ ಅಕ್ಷರ ಹಾಕುತ್ತಾರೆ, ಯಾರಿಗೆ ಓದಲಿಕ್ಕೆ ಆಗುತ್ತದೆ? ಕಂಡಕ್ಟರ್ ನಕ್ಕ. ಇಳಿದು ಬೇರೆ ಬಸ್ಸು ಹಿಡಿದೆ.

ಗುತ್ತಿನ ಮನೆ ಜೀರ್ಣೋದ್ಧಾರ ಆಗಿದೆ. ಅಂಗಳ ವಿಶಾಲ, ಹಿಂದೆ ಜಗಲಿ, ಜಗಲಿಗೆ ಹೊಸ ಗಾಜಿನ ಕಿಟಕಿಗಳು. ಚಾಪೆಯಲ್ಲಿ ಮಕ್ಕಳು, ಕುರ್ಚಿಯಲ್ಲಿ ಹಿರಿಯರು, ಹಿಂದೆ ನಿಂತವರು, ಬೆಂಚಿನ ಮೇಲೆ, ಜಗಲಿಯ ಮೇಲೆ, ಐದು ಸಾಲು ಮಾಡಬಹುದು.

ಪ್ರಖ್ಯಾತ್ ಚಾವಡಿಗೆ ಕರೆದುಕೊಂಡು ಹೋಗಿ 1974ರ ಗ್ರೂಪ್ ಫೋಟೋ ತೋರಿಸಿದರು. ಕಪ್ಪು ಬಿಳುಪು, ಅರುವತ್ತೊಂದು ಜನ. ಹತ್ತಿರ ಹೋಗಿ ನೋಡಿದೆ. ಒಂದು ಮುಖವೂ ಅಲುಗಿಲ್ಲ. ಮೂಲೆಯಲ್ಲಿ "ಫೋಟೋ: ಚೆನ್ನಪ್ಪ".

"ಇದರಲ್ಲಿ ಇದ್ದವರಲ್ಲಿ ಈಗ ಉಳಿದವರು ಆರು ಜನ ಕರುಣಾಕರಣ್ಣ" ಎಂದರು ಪ್ರಖ್ಯಾತ್. "ಅಜ್ಜಿಗೆ ತೊಂಬತ್ತೊಂದು. ಮೊನ್ನೆ ಆಸ್ಪತ್ರೆಯಿಂದ ಬಂದರು. ಇನ್ನೊಮ್ಮೆ ಎಲ್ಲರನ್ನೂ ಸೇರಿಸುವಾಗ ಅವರು ಇರುವುದಿಲ್ಲ. ಇಷ್ಟು ಸ್ಪಷ್ಟ ಬಂದರೆ ಸಾಕು ನಮಗೆ."

ಅಜ್ಜಿ ಒಳಗಿನಿಂದ ನನ್ನನ್ನು ಹತ್ತಿರ ಕರೆದು, ಯಾವ ಸೀರೆ ಉಡಲಿ ಎಂದು ಕೇಳಿದರು. ಹಸಿರು ಎಂದೆ. ಬಾಯಿಗೆ ಬಂದದ್ದು ಹೇಳಿದೆ. ನನಗೆ ಅಲ್ಲಿ ನಿಲ್ಲಲಿಕ್ಕೆ ಆಗಲಿಲ್ಲ.

ಫೆಬ್ರವರಿ 15, ಶನಿವಾರ

ಇನ್ನು ಹದಿನೈದು ದಿನ. ಇವತ್ತಿನ ಪರೀಕ್ಷೆಯೂ ಹಾಳು. ಎಂಟು ಅಡಿಗೆ ದೊಡ್ಡದು ಮಾಡುವಾಗ ಫೋಕಸ್ ಒಂದು ಗೇಣು ತಪ್ಪಿದರೂ ಊರಿಗೇ ಗೊತ್ತಾಗುತ್ತದೆ. ಮಣಿಪಾಲದ ಹುಡುಗರಿಗೆ ಕೊಡಿ ಎಂದು ಪ್ರಖ್ಯಾತ್‌ಗೆ ಹೇಳಲು ಫೋನ್ ತೆಗೆದೆ, ಒತ್ತಲಿಲ್ಲ. ನಾಚಿಕೆ ಒಂದೇ ಅಲ್ಲ, ಹೆದರಿಕೆ. ಐವತ್ತಾರನೆಯ ವಯಸ್ಸಿನಲ್ಲಿ ನನಗೆ ಬೇರೆ ಯಾವ ಕೆಲಸ ಬರುತ್ತದೆ?

ಫೆಬ್ರವರಿ 20, ಗುರುವಾರ

ಇದನ್ನು ಇದ್ದ ಹಾಗೆ ಬರೆಯಬೇಕು.

ಕ್ಯಾಮೆರಾ ಹಿಡಿದುಕೊಂಡು ಚೆನ್ನಪ್ಪಣ್ಣನ ಮನೆಗೆ ಹೋದೆ. ಕಾರ್ಕಳದ ಪೇಟೆಯಿಂದ ಸ್ವಲ್ಪ ಒಳಗೆ. ಎಂಬತ್ತನಾಲ್ಕು ಆಯಿತು. ದಪ್ಪ ಕನ್ನಡಕ, ಬಾಯಿ ಮಾತ್ರ ಹಾಗೆಯೇ ಉಂಟು. "ಬಾ ಕರುಣಾ, ಸತ್ತ ಮೇಲೆ ಬರುತ್ತೀಯೋ ಎಂದು ಇದ್ದೆ" ಎಂದರು.

1974ರ ಫೋಟೋ ಹೇಗೆ ತೆಗೆದಿರಿ ಎಂದು ಕೇಳಿದೆ. "ಹಗ್ಗದಲ್ಲಿ" ಎಂದರು.

ಆ ಹಗ್ಗ ನನಗೆ ಗೊತ್ತಿಲ್ಲದ್ದೇ? ಮಲ್ಪೆಯಿಂದ ತಂದ ಬಲೆಯ ಹುರಿ. ಅಡಿಗೊಂದು ಗಂಟು, ಐದು ಅಡಿಗೊಮ್ಮೆ ಕೆಂಪು ಬಟ್ಟೆಯ ಚೂರು. ಒಂದು ತುದಿ ಕ್ಯಾಮೆರಾಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಎರಡನೆಯ ಸಾಲಿನ ನಡುವೆ ಕೂತವರ ಎದೆಗೆ ಹಿಡಿದು, ಗಂಟು ಎಣಿಸಿ, ಲೆನ್ಸಿನ ಮೇಲಿನ ಅಡಿಯ ಅಂಕಿಗೆ ತಿರುಗಿಸುವುದು. ತುದಿ ಹಿಡಿಯುವ ಕೆಲಸ ನನ್ನದು. ದರ್ಜಿ ಅಳತೆ ತೆಗೆದ ಹಾಗೆ ಎಂದು ಜನ ನಗುತ್ತಿದ್ದರು. ನನಗೆ ಅವಮಾನ. ಸ್ವಂತ ಸ್ಟುಡಿಯೋ ಹಾಕಿದ ಮೇಲೆ ಹಗ್ಗ ಮುಟ್ಟಲಿಲ್ಲ. ಕಣ್ಣಿದ್ದವನಿಗೆ ಹಗ್ಗ ಎಂತಕ್ಕೆ ಎಂದು ಅವರ ಎದುರಿಗೇ ಹೇಳಿದ್ದೆ.

"ಸರಿಯಾಗಿಯೇ ಹೇಳಿದ್ದೆ ನೀನು" ಎಂದರು ಚೆನ್ನಪ್ಪಣ್ಣ. "ಕಣ್ಣಿದ್ದವನಿಗೆ ಬೇಡ. ನನಗೆ ಮೂವತ್ತರಿಂದಲೇ ಗಾಜಿನ ಮೇಲಿನದ್ದು ಸರಿ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿದ ಫೋಟೋಗ್ರಾಫರಿಗೆ ಮದುವೆ ಯಾರು ಕೊಡುತ್ತಾರೆ ಎಂದು ಹೆದರಿ ಹಗ್ಗ ಹಿಡಿದೆ. ಫೋಕಸ್ ಯಜಮಾನನದು ಎಂದು ನಿಯಮ ಮಾಡಿದ್ದೂ ಅದಕ್ಕೇ. ನೀನು ಬಗ್ಗಿ ನೋಡಿದರೆ ನನ್ನ ಬಂಡವಾಳ ಗೊತ್ತಾಗುವುದಿಲ್ವಾ?"

ಅವರು ಕ್ಯಾಮೆರಾವನ್ನು ಜಗಲಿಯಲ್ಲಿ ಇಡಿಸಿ, ಅಂಗಳದ ತುಳಸಿಕಟ್ಟೆಗೆ ತಿರುಗಿಸಿ, "ನೋಡು" ಎಂದರು. ನೋಡಿದೆ. ಮಂಜು.

"ಗಾಜು ಹಾಳು ಚೆನ್ನಪ್ಪಣ್ಣ. ಒರೆಸಿ ಒರೆಸಿ ಸಾಕಾಯಿತು."

"ಎಡಗಣ್ಣಿನಲ್ಲಿ ನೋಡು."

ಮೂವತ್ತೆಂಟು ವರ್ಷದಲ್ಲಿ ನಾನು ಎಡಗಣ್ಣಿನಲ್ಲಿ ಕ್ಯಾಮೆರಾ ನೋಡಿದವನಲ್ಲ. ತಲೆ ಓರೆ ಮಾಡಿ ಎಡಗಣ್ಣು ಒತ್ತಿದೆ. ಮಂಜು ಇಲ್ಲ. ತುಳಸಿಯ ಎಲೆ ಎಲೆ ಕಾಣುತ್ತದೆ. ಕಟ್ಟೆಯ ಸುಣ್ಣ ಬೆಳ್ಳಗೆ ಉಂಟು. ಬಲಗಣ್ಣು ಇಟ್ಟರೆ ಅದೇ ಸುಣ್ಣ ಚಹದ ಬಣ್ಣ. ಎಡ, ಬಲ, ಎಡ, ಬಲ, ಎಷ್ಟು ಸಲ ನೋಡಿದೆನೋ.

"ಪೊರೆ" ಎಂದರು ಚೆನ್ನಪ್ಪಣ್ಣ. "ನಾನು ನಲವತ್ತು ವರ್ಷ ಅಡಗಿಸಿದೆ. ನಿನಗೆ ಅಡಗಿಸುವುದು ಬೇಡ." ಒಳಗಿನ ಮೊಳೆಯಿಂದ ಚೀಲ ಇಳಿಸಿ ಕೊಟ್ಟರು. ಹುರಿ ಹಾಗೆಯೇ ಉಂಟು, ಕೆಂಪು ಚೂರುಗಳು ಮಾತ್ರ ಮಾಸಿವೆ.

ಬಸ್ಸಿನಲ್ಲಿ ಕಾರ್ಲ್ಟನ್‌ಗೆ ಫೋನ್ ಮಾಡಿದೆ. "ಬೇರೆ ಕಡೆ ಹುಡುಕಿದೆ. ಸಿಕ್ಕಿತು" ಎಂದೆ. "ಹ್ಞಾಂ, ಚಹ ಬಾಕಿ ಉಂಟು" ಎಂದ.

ಫೆಬ್ರವರಿ 26, ಬುಧವಾರ

ನಿನ್ನೆ ಮಣಿಪಾಲದ ಆಸ್ಪತ್ರೆ. ಬಲಗಣ್ಣಿನ ಪೊರೆ ಬಲಿತಿದೆ, ಎಡದ್ದು ಈಗ ಶುರು. ಮಾರ್ಚ್ ಹದಿಮೂರಕ್ಕೆ ಆಪರೇಷನ್. ಕೌಂಟರಿನಲ್ಲಿ ಹೊಸ ಫೈಲು ಮಾಡಿಸಬೇಕು ಎಂದೆ. ಪ್ರಣೀತಾ ಬ್ಯಾಗಿನಿಂದ ನನ್ನ ಹೆಸರಿನ ಕಾರ್ಡು ತೆಗೆದು ಕೊಟ್ಟಳು. ಹೋದ ವರ್ಷದ ಜುಲೈ ತಿಂಗಳಲ್ಲಿ ಮಾಡಿಸಿಟ್ಟದ್ದು.

ಮಾರ್ಚ್ 2, ಭಾನುವಾರ

ತಂಬಿಲ ಮುಗಿಯುವಾಗ ಹತ್ತೂವರೆ. ಜನ ಸೇರಿಸುವುದೆಂದರೆ ತೆಂಗಿನಕಾಯಿಯ ಚೀಲ ಬಿಚ್ಚಿದ ಹಾಗೆ, ಒಬ್ಬರನ್ನು ಹಿಡಿದರೆ ಇಬ್ಬರು ಉರುಳುತ್ತಾರೆ. ಮುಂಬೈಯಿಂದ ಬಂದವರಿಗೆ ಕುರ್ಚಿ ಬೇಕು, ಕುರ್ಚಿಯ ಹಿರಿಯರಿಗೆ ನೆರಳು ಬೇಕು. ಅಜ್ಜಿಯನ್ನು ಇಬ್ಬರು ಎತ್ತಿ ತಂದು ನಡುವೆ ಕೂರಿಸಿದರು. ಹಸಿರು ಸೀರೆ.

ನಾನು ಚೀಲದಿಂದ ಹುರಿ ತೆಗೆದೆ. ಒಂದು ತುದಿಯನ್ನು ಪ್ರಣೀತಾ ಕ್ಯಾಮೆರಾದ ಹತ್ತಿರ ಹಿಡಿದಳು. ಇನ್ನೊಂದು ತುದಿ ಹಿಡಿದುಕೊಂಡು ಅಂಗಳ ದಾಟಿದೆ, ಹದಿನೆಂಟನೆಯ ವಯಸ್ಸಿನಲ್ಲಿ ದಾಟುತ್ತಿದ್ದ ಹಾಗೆಯೇ. ಯಾರೋ ಹಿಂದಿನ ಸಾಲಿನವರು "ಬ್ಲೌಸಿನ ಅಳತೆಯಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಜ್ಜಿ ಮಾತ್ರ ಹುರಿಯ ಕೆಂಪು ಚೂರನ್ನು ಹಿಡಿದು ನೋಡಿ, "ಇದು ಚೆನ್ನಪ್ಪನದ್ದಲ್ವಾ" ಎಂದರು.

ಇಪ್ಪತ್ತೆಂಟು ಗಂಟು. ವಾಪಸು ಬಂದು ಲೆನ್ಸಿನ ಅಂಕಿ ನೋಡಿದೆ, ಅಷ್ಟು ಸಣ್ಣದು ನನಗೆ ಎಡಗಣ್ಣಿನಲ್ಲೂ ಓದಲಾಗಲಿಲ್ಲ.

"ಪ್ರಣೀತಾ, ಇಪ್ಪತ್ತೆಂಟು ಅಡಿಗೆ ತಿರುಗಿಸು. ಮತ್ತೆ ಮೇಲಿನಿಂದ ಗಾಜಿನಲ್ಲಿ ನೋಡು. ಅಜ್ಜಿಯ ಕರಿಮಣಿ ನೋಡು."

ಅವಳು ಕ್ಯಾಮೆರಾ ಬಿಟ್ಟು ನನ್ನನ್ನೇ ನೋಡಿದಳು. "ನಾನಾ?"

"ಇಲ್ಲಿ ಬೇರೆ ಯಾರಿದ್ದಾರೆ ಮಾರಾಯ್ತಿ?"

ಬಗ್ಗಿದಳು. "ಕೂದಲೆಳೆಯಷ್ಟು ಹಿಂದೆ ಉಂಟು ಅಪ್ಪ" ಎಂದು ತಿರುಗಿಸಿದಳು. "ಈಗ ಮಣಿ ಮಣಿ ಕಾಣುತ್ತದೆ."

ಒಂಬತ್ತು ಫೋಟೋ ತೆಗೆದೆವು. ಬಟನ್ ಕೂಡ ಅವಳೇ ಒತ್ತಿದಳು. ನಾನು ಹುರಿ ಸುತ್ತುತ್ತಾ ಪಕ್ಕದಲ್ಲಿ ನಿಂತಿದ್ದೆ. ಊಟ ಚೆನ್ನಾಗಿತ್ತು.

ಮಾರ್ಚ್ 4, ಮಂಗಳವಾರ

ಬಂದಿದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಬಲಗಣ್ಣು ಮುಚ್ಚಿ ಎಡದಲ್ಲಿ ಎಲ್ಲ ಮುಖಗಳನ್ನೂ ನೋಡಿದೆ. ಕೊನೆಯ ಸಾಲಿನ ಮಗುವಿನ ಹುಬ್ಬೂ ಬಂದಿದೆ.

ಮಾರ್ಚ್ 15, ಶನಿವಾರ

ನಿನ್ನೆ ಪಟ್ಟಿ ಬಿಚ್ಚಿದರು. ನರ್ಸಮ್ಮನ ಕೋಟು ನೋಡಿ ಕಣ್ಣು ಕುಕ್ಕಿತು. ಬಿಳಿ ಎಂದರೆ ಇಷ್ಟು ಬಿಳಿಯಾ! ಮನೆಗೆ ಬಂದು ಪಂಚೆ ನೋಡಿದೆ, ಅದೂ ಬೆಳ್ಳಗೆ ಉಂಟು. ಬೇಬಿಯ ಹತ್ತಿರ ಸೋಪಿನ ವಿಷಯಕ್ಕೆ ಕ್ಷಮೆ ಕೇಳಿದೆ. "ಬರೆದು ಕೊಡಿ" ಎಂದಳು. ಬರೆಯುತ್ತಿದ್ದೇನೆ.

ಈ ಡೈರಿಯಲ್ಲಿ ಗೆರೆಗಳು ಸಾಕಷ್ಟು ದಪ್ಪವೇ ಇವೆ.

ಮಾರ್ಚ್ 20, ಗುರುವಾರ

ಇವತ್ತು ಮೊದಲ ಸಲ ಸ್ಟುಡಿಯೋಗೆ ಹೋದೆ. ಪ್ರಣೀತಾ ಕಾಪುವಿನಲ್ಲಿ ನಿಶ್ಚಿತಾರ್ಥಕ್ಕೆ ಹೋಗಿದ್ದಳು. ಹೊಸ ಕಣ್ಣಲ್ಲಿ ನನ್ನ ಕೆಲಸ ನೋಡುವ ಎಂದು ಕಂಪ್ಯೂಟರ್ ಹಾಕಿದೆ. ಅಂಬಲಪಾಡಿಯ ಮದುವೆ ತೆರೆದೆ.

ಮದುಮಗಳು ನೀಲಿ. ಮಲ್ಲಿಗೆ ನೀಲಿ. ಅನ್ನ ನೀಲಿ. ಊರಿನವರೆಲ್ಲ ಸಮುದ್ರದ ಅಡಿಯಲ್ಲಿ ಊಟಕ್ಕೆ ಕೂತ ಹಾಗೆ. ಇದನ್ನು ಲ್ಯಾಬಿಗೆ ಕಳುಹಿಸಿದವನು ನಾನು, ಮತ್ತೆ ಆಲ್ಬಮ್ ಹೇಗೆ ಸರಿ ಬಂತು?

ಹುಡುಕಿದೆ. ಪ್ರತಿ ಮದುವೆಗೂ ಎರಡು ಫೋಲ್ಡರ್. ಒಂದರ ಹೆಸರು "ಅಪ್ಪ", ಇನ್ನೊಂದು "ಲ್ಯಾಬ್". "ಲ್ಯಾಬ್" ಎಂದು ಇದ್ದುದರಲ್ಲಿ ಮಲ್ಲಿಗೆ ಬಿಳಿ, ಮುಖ ಮುಖದ ಬಣ್ಣ. ಎರಡು ವರ್ಷದ್ದು ಎಣಿಸಿದೆ, ಐವತ್ಮೂರು ಮದುವೆ. ಐವತ್ಮೂರನ್ನೂ ಅವಳು ನಾನು ಎದ್ದು ಹೋದ ಮೇಲೆ ಕೂತು ಸರಿ ಮಾಡಿದ್ದಾಳೆ, ಒಂದೊಂದೇ ಫೋಟೋ. ನನ್ನದನ್ನು ಅಳಿಸಲೂ ಇಲ್ಲ. ಬ್ಯಾಕಪ್ ಎಂದಿದ್ದಳು. ನಾನು ಕರೆಂಟು ಬಿಲ್ಲಿನ ಮಾತಾಡಿದ್ದೆ.

ಅಳಬಾರದು ಎಂದು ಡಾಕ್ಟರ್ ಹೇಳಿರಲಿಲ್ಲ. ಒರೆಸಬಾರದು ಎಂದಿದ್ದರು. ಒರೆಸದೆ ಕೂತೆ.

ಮಾರ್ಚ್ 23, ಭಾನುವಾರ

ಗುತ್ತಿನ ಮನೆಯವರು ಸಾಲು ಸಾಲಾಗಿ ಹೆಸರು ಬರೆದು ಕಳುಹಿಸಿದರು. ಪ್ರಣೀತಾ ಟೈಪು ಮಾಡಿ, ಪ್ರಿಂಟಿಗೆ ಹೋಗುವ ಮೊದಲು ಫೋಟೋವನ್ನು ಮೂಲೆ ಮೂಲೆ ದೊಡ್ಡದು ಮಾಡಿ ಪರೀಕ್ಷಿಸುತ್ತಿದ್ದಳು. ನಾನು ಪಕ್ಕದ ಕುರ್ಚಿಯಲ್ಲಿ.

"ಅಪ್ಪ, ಇಲ್ಲಿ ನೋಡಿ. ಜಗಲಿಯ ಕಿಟಕಿಯ ಗಾಜಿನಲ್ಲಿ ನಾವು ಬಿದ್ದಿದ್ದೇವೆ. ಅಳಿಸುವುದಾ?"

ಬಲಗಣ್ಣಿನಲ್ಲಿ ನೋಡಿದೆ. ಕೊನೆಯ ಸಾಲಿನವರ ಹಿಂದೆ, ಗಾಜಿನಲ್ಲಿ, ಬೆರಳಿನುಗುರಿನಷ್ಟು. ಟ್ರೈಪಾಡ್ ಉಂಟು, ಅದರ ಮೇಲೆ ಬಗ್ಗಿದ ಪ್ರಣೀತಾ. ಪಕ್ಕದಲ್ಲಿ ಎದೆಗೆ ಹುರಿಯ ಸಿಂಬೆ ಹಿಡಿದುಕೊಂಡು ನಾನು. ನೂರನಲವತ್ತು ಜನರ ಕಡೆಗೆ ನೋಡುತ್ತಿಲ್ಲ ಆಸಾಮಿ, ಮಗಳನ್ನು ನೋಡುತ್ತಿದ್ದಾನೆ.

"ಅಳಿಸಬೇಡ" ಎಂದೆ. "ಇರಲಿ."

"ಪ್ರಖ್ಯಾತಣ್ಣ ಕೇಳಿದರೆ?"

"ಕೇಳಲಿಕ್ಕೆ ಅವರಿಗೆ ಕಂಡರಲ್ವಾ?"

ನಕ್ಕಳು. ಸೇವ್ ಮಾಡಲು ಹೊಸ ಫೋಲ್ಡರ್ ತೆರೆದಳು, ಅಭ್ಯಾಸದ ಮೇಲೆ ಎರಡನೆಯದನ್ನೂ ತೆರೆಯಲು ಹೊರಟಳು.

"ಒಂದೇ ಸಾಕು" ಎಂದೆ.

ಮೌಸಿನ ಮೇಲೆ ಅವಳ ಕೈ ನಿಂತಿತು. ನನ್ನ ಕಡೆ ತಿರುಗಲಿಲ್ಲ. ಹೊರಗೆ ಬಸ್ಸು ಹೋದ ಸದ್ದು, ಅದು ಕಾರ್ಕಳದ್ದು, ಬೋರ್ಡು ನನಗೆ ಕೂತಲ್ಲಿಂದಲೇ ಕಂಡಿತು.

"ಆಯ್ತು ಅಪ್ಪ" ಎಂದಳು.